ಕ್ಷೌರಿಕ ಓರಿಯಾನೋ ಬೆಟ್ಟ ಇಳಿದದ್ದು

ಓರಿಯಾನೋ ತಾಂಪಿಯೇರಿಯ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಲೂಗೋ ಊರಿನ ತನ್ನ ಕ್ಷೌರದಂಗಡಿಯಲ್ಲಿ ಒಬ್ಬ ಗಿರಾಕಿಯ ಗಡ್ಡ ಮುಗಿಯುವಷ್ಟರಲ್ಲಿ ಬಾಗಿಲಿಗೆ ಹೋಗಿ ಬೀದಿ ನೋಡಿ, ಬಂದು ಕತ್ತಿ ಹಿಡಿದು, ಮತ್ತೆ ಬಾಗಿಲಿಗೆ ಹೋಗುವ ಆಸಾಮಿ. ಲೂಗೋ ಎಂದರೆ ತಟ್ಟಿದ ರೊಟ್ಟಿಯಂಥ ಬಯಲು. ಅಲ್ಲಿ ಎತ್ತರವೆಂದರೆ ಚರ್ಚಿನ ಗಂಟೆಗೋಪುರ. ಆದರೂ ಫೆಬ್ರವರಿ ಬಂತೆಂದರೆ ಅರ್ಧ ಊರು ಒಂದು ವಾರ ಫಾಸ್ಸಾ ಕಣಿವೆಯ ಹಿಮಕ್ಕೆ ಗಂಟುಮೂಟೆ ಕಟ್ಟುತ್ತಿತ್ತು. ಬಿಳಿ ವಾರ ಎಂದು ಅದಕ್ಕೆ ಹೆಸರು. ಶನಿವಾರ ಹೋಗಿ ಶನಿವಾರ ಬರುವುದು, ಪ್ರತಿ ವರ್ಷವೂ ಅದೇ ವಸತಿಗೃಹ, ಊಟಕ್ಕೆ ಅದೇ ಮೇಜು. ಮರಳಿದವರ ಮುಖ ತಾಮ್ರದ ತಪ್ಪಲೆಯ ಹಾಗೆ ಸುಟ್ಟು ಕನ್ನಡಕದ ಜಾಗ ಮಾತ್ರ ಬೆಳ್ಳಗಿರಬೇಕು. ಜಾಕೆಟ್ಟಿನ ಜಿಪ್ಪಿಗೆ ಕಟ್ಟಿದ ಕೇಬಲ್ ಕಾರಿನ ಪಾಸು ಈಸ್ಟರ್ ಹಬ್ಬದವರೆಗೂ ತೂಗಾಡಬೇಕು. ಇವಿಲ್ಲದವನು ಕಾಫಿ ಅಂಗಡಿಯಲ್ಲಿ ಬಾಯಿ ಬಿಡುವಂತಿರಲಿಲ್ಲ.

ಓರಿಯಾನೋನಿಗೆ ಎರಡೂ ಇದ್ದವು. ಸ್ಕೀ ಮಾತ್ರ ಬರುತ್ತಿರಲಿಲ್ಲ.

ಮದುವೆಯಾದ ಹೊಸದರಲ್ಲಿ ಒಂದು ಸಲ ಹಿಮದಲ್ಲಿ ಜಾರುವ ಹಲಗೆ ಕಾಲಿಗೆ ಕಟ್ಟಿ ನಿಂತದ್ದುಂಟು. ನಿಂತಲ್ಲೇ ಬಿದ್ದು, ಅಂಗಾತ ಬಿದ್ದ ಜೀರುಂಡೆಯ ಹಾಗೆ ಒದ್ದಾಡಿ, ಅಂದೇ ಕೈಬಿಟ್ಟ. ಊರಿಗೆ ಬಂದು ಹಾಗೆ ಹೇಳಲು ನಾಲಿಗೆ ಏಳಲಿಲ್ಲ. ಮುಂದಿನ ವರ್ಷದಿಂದ ಹಲಗೆ ಹೆಗಲಿಗೇರಿಸಿ ಕೇಬಲ್ ಕಾರಿನಲ್ಲಿ ಮೇಲೆ ಹೋಗುವುದು, ಅಲ್ಲಿಯ ಹೋಟೆಲಿನ ಹಿತ್ತಲಲ್ಲಿ ಮುಖಕ್ಕೆ ಬಿಸಿಲು ಹಿಡಿಯುವುದು, ಕೂರಲಾಗದೆ ಎದ್ದು ಹಿಮ ತುಳಿಯುತ್ತ ಅಡ್ಡಾಡುವುದು, ಸಂಜೆ ಅದೇ ಕಾರಿನಲ್ಲಿ ಇಳಿಯುವುದು. ಹೆಂಡತಿ ನೋರ್ಮಾಗೆ ಚಳಿ ಆಗದು, ಅವಳು ಕೆಳಗೇ. ಮಗಳು ಮೊರೇನಾ ಸ್ಕೀ ಮೇಷ್ಟರ ಹಿಂದೆ ಮಕ್ಕಳ ಸಾಲಿನಲ್ಲಿ. ಗುಟ್ಟು ಗುಟ್ಟಾಗಿಯೇ ಉಳಿಯಿತು.

ಮೊರೇನಾಳನ್ನು ಬೆರ್ಗಮೋ ಕಡೆಯ ಬೆಟ್ಟದವರ ಮನೆಗೆ ಕೊಟ್ಟದ್ದೇ ಫಜೀತಿಗೆ ಬಂತು. ಮದುವೆಯೂಟದಲ್ಲಿ ವೈನು ನೆತ್ತಿಗೇರಿದ ಮೇಲೆ ಓರಿಯಾನೋ ಬೀಗ ಬೋರ್ತೊಲೋನ ಹೆಗಲ ಮೇಲೆ ಕೈಹಾಕಿ, "ಕಡಿದಾದ ಇಳಿಜಾರು ಅಂದ್ರೆ ನನಗೆ ಮನೆ ಅಂಗಳ ಇದ್ದಂಗೆ" ಎಂದುಬಿಟ್ಟ. ಬೋರ್ತೊಲೋ ಮರ ಕಡಿಯುವವನು. ಮಾತು ಕಡಿಮೆ, ಮರೆವು ಇನ್ನೂ ಕಡಿಮೆ. ಮುಂದಿನ ಫೆಬ್ರವರಿಗೆ ಮಗ ಸೊಸೆಯ ಜೊತೆ ಬಿಳಿ ವಾರಕ್ಕೆ ಬಂದು ಕುಳಿತ.

ಓರಿಯಾನೋ ಒಂದು ದಿನ ಹಲ್ಲುನೋವೆಂದ, ಒಂದು ದಿನ ಹಲಗೆಗೆ ಮೇಣ ಹಾಕಬೇಕೆಂದ. ಗುರುವಾರ ಊಟದ ಮೇಜಿನಲ್ಲಿ ಬೋರ್ತೊಲೋ ಮೆಕ್ಕೆಜೋಳದ ಪೊಲೆಂಟಾ ಮುದ್ದೆ ಕತ್ತರಿಸುತ್ತ ಕೇಳಿದ:

"ಬೀಗರೇ, ವಾರ ಮುಗೀತಾ ಬಂತು. ನಿಮ್ಮ ಅಂಗಳ ಯಾವಾಗ ತೋರಿಸ್ತೀರಿ?"

"ಹಿಮ ಸರಿಯಿಲ್ಲ ಬೀಗರೇ. ಕಲ್ಲಾಗಿದೆ."

"ನಿನ್ನೆ ಮೆತ್ತಗಿದೆ ಅಂದ್ರಿ."

"ಇವರಿಗೆ ಪಾಸ್ತಾ ಬೆಂದಂಗೆ ಹಿಮಾನೂ ಹದವಾಗಿ ಬೆಂದಿರಬೇಕು" ಎಂದಳು ನೋರ್ಮಾ.

ಎಲ್ಲರೂ ನಕ್ಕರು. ಮೊರೇನಾ ನಗಲಿಲ್ಲ. "ಹೋಗಿ ಬಾರಪ್ಪ. ನಮ್ಮಪ್ಪ ಇಳಿಯೋದು ನೋಡಬೇಕು ಅಂತ ಅವರ ಮನೇಲೆಲ್ಲ ಹೇಳಿಟ್ಟಿದೀನಿ."

ಓರಿಯಾನೋ ಕುರ್ಚಿಯಿಂದ ಎದ್ದ, ಮತ್ತೆ ಕುಳಿತ. ತನ್ನ ಬಂಡವಾಳ ಬಯಲಾದರೆ ಆಗಲಿ. ಗಂಡನ ಮನೆಯಲ್ಲಿ ಮಗಳ ಮಾತು ಸುಳ್ಳಾಗುತ್ತದಲ್ಲ. ಅನ್ನಿಸಿದ್ದೇ, "ನಾಳೆ ಬೆಳಿಗ್ಗೆ" ಎಂದು ಬಾಯಿಂದ ಬಿದ್ದುಹೋಯಿತು.

ಬೆಳಿಗ್ಗೆ ಬೋರ್ತೊಲೋ ಕೇಬಲ್ ಕಾರಿನ ಕಡೆ ತಿರುಗಿಯೂ ನೋಡಲಿಲ್ಲ. "ಅದು ಮುದುಕರಿಗೆ" ಎಂದು ತಂತಿಯಲ್ಲಿ ತೂಗುವ ಕುರ್ಚಿಗೆ ನಡೆದ. ಇಬ್ಬರೂ ಕುಳಿತರು, ನೆಲ ಕೆಳಗೆ ಜಾರಿತು. ಓರಿಯಾನೋ ಕೈಗವಸು ತೆಗೆದ, ಹಾಕಿದ, ಮತ್ತೆ ತೆಗೆದ.

"ಚಳೀನಾ ಬೀಗರೇ?"

"ಇಲ್ಲ, ಉಮೇದು."

ಮೇಲೆ ಕುರ್ಚಿಯಿಂದ ಇಳಿಯುತ್ತಲೇ ಓರಿಯಾನೋ ಮುಗ್ಗರಿಸಿ ಉರುಳಿದ. ಕುರ್ಚಿಗಳ ಕಾವಲಿನವನು ತಂತಿ ನಿಲ್ಲಿಸಿದ. ಗಾಳಿಯಲ್ಲಿ ನೇತಾಡುತ್ತಿದ್ದವರು ಬೈಗುಳ ಶುರು ಮಾಡಿದರು. ಬೋರ್ತೊಲೋ ಕೈಹಿಡಿದು ಎಬ್ಬಿಸಿ, "ಕೆಳಗೆ ಕಾಯ್ತೀನಿ" ಎಂದವನೇ ಅಂಚಿನಾಚೆ ಮಾಯವಾದ.

ಓರಿಯಾನೋ ಅಂಚಿಗೆ ಹೋಗಿ ಇಣುಕಿದ. ಹಿಂದೆ ಬಂದ. ಮತ್ತೆ ಇಣುಕಿದ. ಇಳಿದರೆ ಮಗಳ ಮಾತು ಉಳಿಯುತ್ತದೆ, ತಾನು ಉಳಿಯುವುದಿಲ್ಲ. ಕೊನೆಗೆ ಹಲಗೆ ಬಿಚ್ಚಿ ಕಾವಲಿನವನ ಹತ್ತಿರ ಹೋದ.

"ಕುರ್ಚಿಯಲ್ಲೇ ಇಳಿಸ್ತೀಯಾ?"

"ಪೆಟ್ಟಾದವರನ್ನ ಇಳಿಸ್ತೀವಿ. ಪೆಟ್ಟಾಗಿದೆಯಾ?"

"ಇಲ್ಲ."

"ಮತ್ತೆ?"

"ಸ್ಕೀ ಬರಲ್ಲ."

"ಬರದೇ ಇಷ್ಟು ಮೇಲೆ ಯಾಕೆ ಬಂದ್ರಿ?"

"ಬೀಗರು ಕರೆದರು."

ಕಾವಲಿನವನು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕುರ್ಚಿ ತಡೆದು ಹಿಡಿದ.

ಏರುವ ಕುರ್ಚಿಗಳೆಲ್ಲ ತುಂಬಿದ್ದವು, ಇಳಿಯುವುದರಲ್ಲಿ ಅವನೊಬ್ಬನೇ. ಪ್ರತಿಯೊಬ್ಬನೂ ಎದುರಿಗೇ ಬಂದು, ಮುಖ ನೋಡಿ, ದಾಟಿಹೋಗುತ್ತಿದ್ದ. ಲೂಗೋದ ಔಷಧಿ ಅಂಗಡಿಯವನು, "ಏನಯ್ಯಾ ಓರಿಯಾನೋ, ಹಿಂದುಮುಂದಾಗಿ ಹತ್ತಿದೆಯಾ?" ಎಂದು ಕೂಗಿದ. ಓರಿಯಾನೋ ಕುರ್ಚಿಯ ಅಡ್ಡಪಟ್ಟಿಯನ್ನು ಬೆರಳಿನಿಂದ ಬಡಿಯುತ್ತ ಎದುರು ಬರುತ್ತಿದ್ದ ಮುಂದಿನ ಕುರ್ಚಿಯಲ್ಲಿ ಯಾರೆಂದು ನೋಡಿದ. ಅದರಲ್ಲಿ ಕೆಂಪು ಟೊಪ್ಪಿಯ ಮೊರೇನಾ ಇದ್ದಳು, ಪಕ್ಕದಲ್ಲಿ ಗಂಡ.

ಅವಳಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಅರ್ಥವಾಯಿತು. "ಅಪ್ಪ, ಮಂಡಿ ಹಿಡಕೊಳ್ತಾ?" ಎಂದಳು, ಗಂಡನಿಗೂ ಕೇಳುವಷ್ಟು ಜೋರಾಗಿ.

ಹೂಂ ಎಂದಿದ್ದರೆ ಸಾಕಿತ್ತು.

"ಇಲ್ಲ ಮಗಳೇ. ನನಗೆ ಬರಲ್ಲ. ಯಾವತ್ತೂ ಬರ್ತಿರಲಿಲ್ಲ."

ಕುರ್ಚಿಗಳು ಒಂದನ್ನೊಂದು ದಾಟಿದವು. ಬೆನ್ನ ಹಿಂದಿನಿಂದ ಅವಳ ದನಿ ಬಂತು: "ಹಂಗಾದ್ರೆ ಇಷ್ಟು ವರ್ಷ ಮೇಲೆ ಏನ್ ಮಾಡ್ತಿದ್ದೆ?"

"ತಿರುಗಾಡ್ತಿದ್ದೆ" ಎಂದ ಓರಿಯಾನೋ, ಎದುರಿಗೆ ಬರುತ್ತಿದ್ದ ಕಂಬಕ್ಕೆ.

ಕೆಳಗೆ ಬೋರ್ತೊಲೋ ಬೀಡಿಯಂಥ ಸಣ್ಣ ಚುಟ್ಟಾ ಸೇದುತ್ತ ನಿಂತಿದ್ದ. ಕುರ್ಚಿಯಿಂದ ಇಳಿದ ಬೀಗನನ್ನು ನೋಡಿದ, ಹೊಗೆ ಬಿಟ್ಟ. ಓರಿಯಾನೋ ಅವನ ಮುಂದೆ ಅತ್ತ ನಾಲ್ಕು ಹೆಜ್ಜೆ, ಇತ್ತ ನಾಲ್ಕು ಹೆಜ್ಜೆ ಹಾಕಿದ. ಇಳಿಜಾರಿನಲ್ಲಿ ಬರುವ ಪ್ರತಿ ಕೆಂಪು ಟೊಪ್ಪಿಗೂ ಕತ್ತು ಉದ್ದ ಮಾಡಿದ.

ಮೊರೇನಾ ಗಂಡನಿಗಿಂತ ಮೊದಲೇ ಬಂದಳು. ನೇರ ಮಾವನ ಎದುರು ನಿಂತು, "ನಾನು ಹೇಳಿದ್ದು ಸುಳ್ಳಾಯ್ತು ಮಾವ" ಎಂದಳು.

"ನಿನಗೆ ಗೊತ್ತಿದ್ದದ್ದು ಹೇಳಿದೆ. ಅದರಲ್ಲಿ ಸುಳ್ಳೇನು ಬಂತು" ಎಂದ ಬೋರ್ತೊಲೋ.

ಅವಳು ಹಲಗೆ ಬಿಚ್ಚಿ, ಅಪ್ಪನ ಮುಖ ನೋಡದೆ, "ಹಿಡಕೋ" ಎಂದು ಅವನ ತೋಳಿಗೆ ತುರುಕಿ, ಗಂಡನ ಜೊತೆ ಮುಂದೆ ನಡೆದುಬಿಟ್ಟಳು.

ಓರಿಯಾನೋ ತನ್ನದೂ ಅವಳದೂ ಹಲಗೆ ಹೊತ್ತು ಹಿಂದೆ ದಾಪುಗಾಲು ಹಾಕಿದ. ಸ್ವಲ್ಪ ದೂರ ಹೋದವನು ತಡೆಯಲಾರದೆ ಪಕ್ಕದಲ್ಲಿ ನಡೆಯುತ್ತಿದ್ದ ಬೋರ್ತೊಲೋನನ್ನು ಕೇಳಿದ: "ಬೀಗರೇ, ಇದು ಸಿಟ್ಟಾ, ಏನಿದು?"

"ಮಗಳು ನಿಮ್ಮವಳು. ನನ್ನನ್ನೇನು ಕೇಳ್ತೀರಿ?" ಎಂದ ಬೋರ್ತೊಲೋ. "ಬೇಗ ನಡೀರಿ, ಅವಳು ಹಿಂದೆ ತಿರುಗಿ ನೋಡ್ತಿದಾಳೆ."