ನಾನು ಓದಿ ಹೇಳದ ಒಂದು ಸಾಲು

2019ರ ಏಪ್ರಿಲ್. ಮೀನು ಎಕ್ಸ್‌ಪೋರ್ಟ್ ಮಾಡುವ ಮಂಗಳೂರಿನ ಒಂದು ಕಂಪನಿಯಲ್ಲಿ ನಾನು ಚೀಫ್ ಅಕೌಂಟೆಂಟ್. ರಿಟೈರ್ ಆಗುವ ವಯಸ್ಸು ಕಳೆದಿತ್ತು, ಧಣಿಗಳು ಬಿಟ್ಟಿರಲಿಲ್ಲ. ಆ ವರ್ಷ ಲೆಕ್ಕಪತ್ರದ ಹೊಸ ಸ್ಟ್ಯಾಂಡರ್ಡ್ ಬಂತು. ಅಲ್ಲಿಯವರೆಗೆ ಗೋಡೌನಿನ ಬಾಡಿಗೆ ಎಂದರೆ ಆಯಾ ವರ್ಷದ ಖರ್ಚು, ಅಷ್ಟೆ. ಇನ್ನು ಮೇಲೆ ಒಂದು ಜಾಗದಲ್ಲಿ ಎಷ್ಟು ವರ್ಷ ಇರುತ್ತೇವೋ ಅಷ್ಟೂ ವರ್ಷದ ಬಾಡಿಗೆಯನ್ನು ಸಾಲದ ಹಾಗೆ ಬ್ಯಾಲೆನ್ಸ್ ಶೀಟಿನಲ್ಲಿ ತೋರಿಸಬೇಕು. ಒಂದು ವರ್ಷ ಮೀರದ ಬಾಡಿಗೆಗೆ ಮಾತ್ರ ವಿನಾಯಿತಿ.

ನಮ್ಮದೆಲ್ಲ ಹನ್ನೊಂದು ತಿಂಗಳ ಅಗ್ರಿಮೆಂಟ್. ನಾನು ನಿಶ್ಚಿಂತೆಯಿಂದಿದ್ದೆ. ಆಡಿಟಿಗೆ ಬಂದ ಹುಡುಗಿ ಬಿಡಲಿಲ್ಲ.

"ಮೇಡಂ, ಬೋಳಾರದ ಶೆಡ್ಡು ಇಪ್ಪತ್ತಾರು ವರ್ಷದಿಂದ ರಿನ್ಯೂ ಆಗ್ತಾ ಉಂಟು. ಹನ್ನೊಂದೇ ತಿಂಗಳು ಅಂದರೆ ಯಾರು ನಂಬ್ತಾರೆ?"

"ಈ ಸಲ ಮುಗಿದ ಮೇಲೆ ಬಿಡ್ತೇವೆ ಅಂತ ಬರೆದು ಕೊಟ್ಟರೆ?"

"ಎರಡು ಕಡೆಯವರೂ ಸೈನ್ ಮಾಡಿ ಕೊಡಿ, ನೋಡುವ."

ಸಾಲ ಹೆಚ್ಚು ಕಂಡರೆ ಬ್ಯಾಂಕಿನವರು ಕಿರಿಕಿರಿ ಮಾಡುತ್ತಾರೆಂದು ಧಣಿಗಳಿಗೆ ಹೆದರಿಕೆ. ನಾನು ಪತ್ರ ಟೈಪ್ ಮಾಡಿದೆ. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ ಇಂಗ್ಲಿಷಿನ ಮೇಲೆ ನನಗೆ ಸ್ವಲ್ಪ ಜಂಬವೇ. ಅವಧಿ ಮುಗಿದ ಮೇಲೆ ಮುಂದುವರಿಸುವ ಉದ್ದೇಶ ಕಂಪನಿಗೆ ಇಲ್ಲ ಎಂಬುದನ್ನು ಒಂದೇ ಸಾಲಿನಲ್ಲಿ, ಒಂದು ಪದವೂ ಹೆಚ್ಚಾಗದಂತೆ ಬರೆದೆ. ಅದು ಸುಳ್ಳು ಎಂದು ಗೊತ್ತಿತ್ತು. ಕಾಗದದ ಸುಳ್ಳು, ಯಾರಿಗೂ ನೋವಾಗದು ಎಂದುಕೊಂಡೆ. ಬೇರೆ ಗೋಡೌನುಗಳ ಮಾಲೀಕರು ಓದಿ, ನಕ್ಕು, ಸೈನ್ ಹಾಕಿದರು. ಅವರೆಲ್ಲ ವ್ಯಾಪಾರದವರು.

ಬೋಳಾರದ ಶೆಡ್ಡು ವಾಮನಣ್ಣನದು. ಬಲೆ, ದೋಣಿಯ ಸಾಮಾನು ಇಡಲು ಅವರ ತಂದೆ ನದಿಯ ಬದಿಯಲ್ಲಿ ಕಟ್ಟಿದ್ದು. ಎಷ್ಟೋ ಮಂದಿ ಕೇಳಿದ್ದರೂ ಅಪ್ಪನ ಕೈಯ ಕೆಲಸ ಎಂದು ಮಾರಿರಲಿಲ್ಲ. ಪ್ರತಿ ವರ್ಷ ಸೈನ್ ಹಾಕಲು ಬರುವಾಗ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಬಂಗುಡೆ ಮೀನು ತರುತ್ತಿದ್ದರು. ಕ್ರಿಶ್ಚಿಯನ್ ಹೆಂಗಸರನ್ನು ಇಲ್ಲಿ ಕರೆಯುವ ಹಾಗೆ ನನ್ನನ್ನು ಬಾಯಮ್ಮ ಎನ್ನುತ್ತಿದ್ದರು.

"ಎಂತ ಬಾಯಮ್ಮ, ಈ ಸಲ ಒಂದು ಕಾಗದ ಜಾಸ್ತಿ ಉಂಟಲ್ಲ?"

"ಎಂತ ಇಲ್ಲ ವಾಮನಣ್ಣ, ಆಡಿಟರಿಗೆ ಒಂದು ಫಾರ್ಮಾಲಿಟಿ."

"ನಿಮ್ಮ ಇಂಗ್ಲಿಷು ನನ್ನ ತಲೆಗೆ ಹೋಗುವುದಿಲ್ಲ ಮಾರಾಯ್ರೆ. ಎಲ್ಲಿ ಸೈನ್ ಹಾಕುವುದು ಹೇಳಿ."

ಬೆರಳಿಟ್ಟು ತೋರಿಸಿದೆ. ಒಂದು ಕಾಪಿಯನ್ನು ಅವರ ಕೈಗೂ ಕೊಟ್ಟೆ.

ಮರುವರ್ಷ ಫೆಬ್ರವರಿ ಕೊನೆಗೆ ಅವರು ಬಂದಾಗ ಮೀನಿನ ತೊಟ್ಟೆ ಇರಲಿಲ್ಲ. ನಾನು ಹೊಸ ಅಗ್ರಿಮೆಂಟ್ ತೆಗೆದಿಟ್ಟಿದ್ದೆ.

"ಕೀ ತೆಗೊಂಡು ಹೋಗಲಿಕ್ಕೆ ಬಂದೆ, ಬಾಯಮ್ಮ."

"ಎಂತ ಕೀ?"

"ಶೆಡ್ಡಿನದ್ದು. ಬಿಡ್ತೇವೆ ಅಂತ ನೀವೇ ಬರೆದದ್ದಲ್ವಾ? ಮಗಳು ಓದಿ ಹೇಳಿದಳು. ಖಾಲಿ ಇಟ್ಟುಕೊಳ್ಳಲಿಕ್ಕೆ ನನ್ನಿಂದ ಆಗ್ತದಾ? ಬಿಲ್ಡರಿಗೆ ಕೊಟ್ಟಾಯಿತು, ರಿಜಿಸ್ಟ್ರೇಷನ್ ಸಹ ಆಯಿತು."

"ನನ್ನತ್ರ ಒಂದು ಮಾತು ಕೇಳಬಾರದಿತ್ತಾ?"

"ಇಷ್ಟು ವರ್ಷ ಇದ್ದವರು ಹೋಗ್ತೇವೆ ಅನ್ನುವಾಗ ಯಾಕೆ ಅಂತ ಕೇಳುವುದು ಹೇಗೆ? ನೀವು ಬರೆದದ್ದು ಸರಿಯೇ ಇರ್ತದೆ ಅಂತ ಸುಮ್ಮನಾದೆ."

ನಾನು ನಿಜ ಹೇಳಿದೆ. ಅವರು ಹೊಸ ಅಗ್ರಿಮೆಂಟನ್ನು ತುಸು ಹೊತ್ತು ನೋಡಿದರು. "ಹಾಗಾ" ಎಂದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಕಂಪನಿಗೆ ಬೇರೆ ಗೋಡೌನ್ ಸಿಕ್ಕಿತು. ಆಡಿಟ್ ರಿಪೋರ್ಟ್ ಕ್ಲೀನ್ ಬಂತು. ಧಣಿಗಳು ನನ್ನನ್ನು ಹೊಗಳಿದರು. ಶೆಡ್ಡನ್ನು ಕೆಡವಿದರು. ಈಗ ಅಲ್ಲಿ ಫ್ಲಾಟುಗಳ ಪಾರ್ಕಿಂಗ್. ಮಂಗಳಾದೇವಿ ಕಡೆ ಹೋಗುವಾಗ ರಿಕ್ಷಾದವನಿಗೆ ಬೋಳಾರ ಬಿಟ್ಟು ಬೇರೆ ದಾರಿ ಹಿಡಿಯಲು ಹೇಳುತ್ತೇನೆ.

ಹೋದ ತಿಂಗಳು ಬಿಜೈಯ ನಮ್ಮ ಮನೆಯ ಬೆಲ್ ಆಯಿತು. ವಾಮನಣ್ಣ. ಒಂದು ಕೈಯಲ್ಲಿ ಬಂಗುಡೆಯ ತೊಟ್ಟೆ, ಇನ್ನೊಂದರಲ್ಲಿ ಕಣ್ಣಿನ ಆಪರೇಷನ್ನಿನ ಇಂಗ್ಲಿಷ್ ಫಾರ್ಮ್.

"ಮಗಳು ಕುವೈಟಿನಲ್ಲಿ. ಓದಲಿಕ್ಕೆ ನೀವಲ್ಲದೆ ನನಗೆ ಬೇರೆ ಯಾರುಂಟು?"

ಕನ್ನಡಕ ಹಾಕಿ ಕುಳಿತೆ. ಒಂದೊಂದೇ ಸಾಲು ಓದಿ ತುಳುವಿನಲ್ಲಿ ಹೇಳತೊಡಗಿದೆ, ಅತಿ ಸಣ್ಣ ಅಕ್ಷರದವುಗಳನ್ನೂ. ಎರಡನೆಯ ಪುಟಕ್ಕೆ ಅವರು ನಕ್ಕುಬಿಟ್ಟರು.

"ಸಾಕು ಬಾಯಮ್ಮ, ನೀವು ಓದಿದ್ದೀರಲ್ಲ. ಎಲ್ಲಿ ಸೈನ್ ಹಾಕುವುದು ಹೇಳಿ."

ಕೊನೆಯ ಸಾಲು ಮುಗಿಯುವವರೆಗೆ ನಾನು ಬೆರಳಿಟ್ಟು ತೋರಿಸಲಿಲ್ಲ. ಪೂರಾ ಇಪ್ಪತ್ತು ನಿಮಿಷ ಹಿಡಿಯಿತು. ಅವತ್ತಿನದು ಒಂದೇ ಸಾಲು, ಅರ್ಧ ನಿಮಿಷವೂ ಬೇಡವಾಗಿತ್ತು.