ದೇಜಪ್ಪ ಕುಡಿಯದೆ ಬಡಿಸಿದ ಮದ್ದು

ಮುಂಬಯಿ ಹತ್ತಿರದ ಕಲ್ಯಾಣ ಸ್ಟೇಶನ್ನಿನ ಬಳಿಯ ಉಡುಪಿ ಹೋಟೆಲೊಂದರಲ್ಲಿ ದೇಜಪ್ಪ ಕಪ್ಪು-ಬಸಿ ತೊಳೆಯಲು ಸೇರಿ, ವೇಟರಾಗಿ, ಕೊನೆಗೆ ಮ್ಯಾನೇಜರಾದ. ಗಿರಾಕಿಗಳೆಲ್ಲ ಎದ್ದು, ಶಟರ್ ಅರ್ಧ ಇಳಿದ ಮೇಲೆಯೇ ಕೆಲಸದವರ ಊಟ ಎಂಬುದು ಅಲ್ಲಿನ ಕಟ್ಟಳೆ. ಅದು ಅವನಿಗೆ ಎಷ್ಟು ಮೈಗೂಡಿತ್ತೆಂದರೆ, ಪಕ್ಕದ ಊರು ದಿವಾದ ಮನೆಯಲ್ಲೂ ಹೆಂಡತಿ ದಮಯಂತಿ ಉಣ್ಣದೆ ತಟ್ಟೆ ಮುಟ್ಟುತ್ತಿರಲಿಲ್ಲ. ನೆಂಟರ ಮದುವೆಗೆ ಹೋದರೆ ಪಂಕ್ತಿ ಬಿಟ್ಟು ಸಾರಿನ ಬಕೆಟು ಹಿಡಿಯುತ್ತಿದ್ದ. ಜನ ಇದನ್ನು ದೊಡ್ಡ ಗುಣ ಎಂದರು. ಗುಣವೋ ರೋಗವೋ ಎಂಬುದು 2009ರಲ್ಲಿ ತಿಳಿಯಿತು.

ಆ ವರ್ಷ ಅವನ ಹೊಟ್ಟೆಯಲ್ಲಿ ಗಡ್ಡೆ ಕೈಗೆ ಸಿಕ್ಕಿತು. ಅದು ಕರುಳಿನದೋ, ಅದರ ಹಿಂದಿನದೋ ಗೊತ್ತಾಗದೆ ಕೊಯ್ಯುವುದಿಲ್ಲ ಎಂದು ಸರ್ಜನ್ ಖಂಡಿತವಾಗಿ ಹೇಳಿದರು. ಡೊಂಬಿವಲಿಯ ಸ್ಕ್ಯಾನ್ ಸೆಂಟರಿನಲ್ಲಿ ಟೆಕ್ನಿಶಿಯನ್ ಶ್ರದ್ಧಾ, ಕಿತ್ತಳೆ ವಾಸನೆಯ ಮದ್ದು ಬೆರೆಸಿದ ನೀರಿನ ದೊಡ್ಡ ಬಾಟ್ಲಿ ಕೊಟ್ಟಳು. ನಿಧಾನವಾಗಿ ಅಷ್ಟೂ ಕುಡಿದರೆ ಕರುಳು ಚಿತ್ರದಲ್ಲಿ ಬೆಳ್ಳಗೆ ತೋರಿ, ಗಡ್ಡೆ ಬೇರೆಯಾಗಿ ಕಾಣುತ್ತದೆ ಎಂದು ವಿವರಿಸಿದಳು. ದಮಯಂತಿ ಝೆರಾಕ್ಸ್ ಮಾಡಿಸಲು ಕೆಳಗಿಳಿದಳು.

ಕಾಯುವ ಹಾಲ್‌ನ ತುಂಬ ಖಾಲಿ ಹೊಟ್ಟೆಯ ಜನ ಬಾಯಾರಿ ಕೂತಿದ್ದರು. ಅವರೆದುರು ಒಬ್ಬನೇ ಕುಡಿಯುವುದೆಂದರೆ ದೇಜಪ್ಪನಿಗೆ ಬಟ್ಟೆ ಬಿಚ್ಚಿ ನಿಂತಂತೆ. ಕೂಲರಿನ ಪಕ್ಕದ ಲೋಟಗಳನ್ನು ಒಂದೇ ಕೈಯಲ್ಲಿ ನಾಲ್ಕು ಹಿಡಿದು ತನ್ನ ಬಾಟ್ಲಿಯ ಮದ್ದನ್ನು ಬಡಿಸತೊಡಗಿದ. ಹೆಗಲ ಮೇಲಿನ ಬೈರಾಸು ಟವೆಲು ನೋಡಿ, ಸೆಂಟರಿನವನೇ ಇರಬೇಕೆಂದು ಅವರೂ ಕುಡಿದರು. ಸಾನಪಾಡಾದಿಂದ ಎದೆಯ ಸ್ಕ್ಯಾನಿಗೆ ಬಂದಿದ್ದ ಮೋಹನದಾಸರು ಇನ್ನೊಂದು ಲೋಟ ಕೇಳಿದರು. ಕಿಡ್ನಿ ಕಲ್ಲಿನ ಮುದುಕನೊಬ್ಬ ಸಕ್ಕರೆ ಕಡಿಮೆ ಎಂದ. ದೇಜಪ್ಪ ಕ್ಷಮೆ ಕೇಳಿದ. ಎಲ್ಲರದ್ದೂ ಆದ ಮೇಲೆ ತಳದ ಗುಟುಕು ತಾನು ಕುಡಿದ.

ಚಿತ್ರಗಳು ಬಂದವು. ಮೋಹನದಾಸರ ಜಠರ ಟ್ಯೂಬ್‌ಲೈಟಿನಂತೆ ಬೆಳಗುತ್ತಿತ್ತು. ಮುದುಕನ ಕಲ್ಲು ಬಿಳಿ ಕರುಳಿನಲ್ಲಿ ಕಳೆದುಹೋಗಿತ್ತು. ದೇಜಪ್ಪನ ಹೊಟ್ಟೆಯಲ್ಲಿ ಮಾತ್ರ ಕರುಳು ಯಾವುದು, ಗಡ್ಡೆ ಯಾವುದು ತಿಳಿಯದಷ್ಟು ಕತ್ತಲೆ.

"ಅಂಕಲ್, ಯೇ ಹೋಟೆಲ್ ಹೈ ಕ್ಯಾ?" ಎಂದಳು ಶ್ರದ್ಧಾ.

ಆಪರೇಶನ್ ಮುಂದಕ್ಕೆ ಹೋಯಿತು. ವಾಪಸು ಬರುವ ಲೋಕಲ್ ರೈಲಿನಲ್ಲಿ ದಮಯಂತಿ, ಬದುಕುವ ಮನಸ್ಸುಂಟೋ ಇಲ್ಲವೋ ಎಂದು ಕೇಳಿದಳು.

"ಹಂಚಿದರೆ ಕಾಯಿಲೆ ಎಲ್ಲರದ್ದೂ ಅನಿಸ್ತದೆ," ಎಂದ. "ಒಬ್ಬನೇ ಕುಡಿದರೆ ನನ್ನದು ಮಾತ್ರ."

ಎರಡನೆಯ ಸಲ ಅವಳು ಕೆಳಗಿಳಿಯಲಿಲ್ಲ. ಬಾಟ್ಲಿ ಹಿಡಿದ ಗಂಡನ ಕಣ್ಣು ಹಾಲ್‌ನ ಸುತ್ತ ಓಡುವುದನ್ನು ಕಂಡು ಎದ್ದಳು. ಉಪವಾಸ ಕೂತವರೊಬ್ಬೊಬ್ಬರನ್ನೂ ಗಟ್ಟಿಯಾಗಿ, ಊಟ ಆಯಿತೇ ಎಂದು ವಿಚಾರಿಸಿದಳು. ಎದೆಯ ಸ್ಕ್ಯಾನ್ ಮತ್ತೆ ತೆಗೆಸಲು ಬಂದಿದ್ದ ಮೋಹನದಾಸರು ಕಥೆ ಗೊತ್ತಿದ್ದವರು. ಆಯಿತು ಎಂದು ತೇಗಿದರು. ಉಳಿದವರೂ ಹೂಂಗುಟ್ಟಿದರು. ದಮಯಂತಿ ಕಿಟಕಿಯ ಪರದೆಯನ್ನು ಅರ್ಧ ಇಳಿಸಿದಳು.

"ಗಿರಾಕಿ ಎಲ್ಲ ಎದ್ದಾಯ್ತು. ಇನ್ನು ನಿಮ್ಮದು ಮುಗಿಸಿ ಮಾರಾಯ್ರೆ, ನನಗೆ ಪಾತ್ರೆ ತೊಳೀಲಿಕ್ಕುಂಟು."

ದೇಜಪ್ಪ ಬಾಟ್ಲಿ ಖಾಲಿ ಮಾಡಿದ. ಬಿಳಿ ಕರುಳಿನ ಹಿಂದೆ, ಎಡಕ್ಕೆ, ಲಿಂಬೆ ಗಾತ್ರದ ಗಡ್ಡೆ ಒಂಟಿಯಾಗಿ ಕಂಡಿತು. ಸರ್ಜನ್ ಅಲ್ಲಿಂದಲೇ ತೆಗೆದರು.

ಆಪರೇಶನ್ನಿನ ನಂತರ ಮೊದಲ ಬಾರಿ ಗಂಜಿತಿಳಿ ಬಂದಾಗ, ಪಕ್ಕದ ಮಂಚಕ್ಕೆ 'ಬಾಯಿಗೆ ಏನೂ ಕೊಡಬಾರದು' ಎಂಬ ಬೋರ್ಡು ತೂಗುತ್ತಿತ್ತು. ದೇಜಪ್ಪ ಕಪ್ಪನ್ನು ನೋಡಿದ, ಪಕ್ಕದವನನ್ನು ನೋಡಿದ. ದಮಯಂತಿ ನಡುವಿನ ಪರದೆಯನ್ನು ಎಳೆದಳು, ಈ ಸಲ ಪೂರ್ತಿ.