ನಾನು ನೋಡದ ಊರಿನ ಓಣಿಗಳು

ಇಂಥ ಕಥೆಗಳನ್ನು ಯಾರಾದರೂ ಹೇಳಿದರೆ ಮುಖ ತಿರುಗಿಸಿ ನಗುತ್ತಿದ್ದವಳು ನಾನು. ಉಡುಪಿಯಲ್ಲಿ ನಮ್ಮ ಮನೆಯ ಹತ್ತಿರ ದರ್ಶನ ನಡೆದಾಗ, ಮೈಮೇಲೆ ದೈವ ಬಂದ ಪಾತ್ರಿ ಯಾರದೋ ಕಳೆದುಹೋದ ಸರ ಎಲ್ಲಿದೆ ಎಂದು ಹೇಳಿದರೆ, "ಅವರಿಗೆ ಯಾರೋ ಮೊದಲೇ ಹೇಳಿರ್ತಾರೆ" ಎಂದು ಗೊಣಗಿ ಅಮ್ಮನಿಂದ ಬೈಸಿಕೊಂಡಿದ್ದೇನೆ. ಹಾಗಾಗಿ ಈಗ ನಾನು ಹೇಳುವುದನ್ನು ನೀವು ನಂಬದಿದ್ದರೆ ನನಗೇನೂ ಸಿಟ್ಟಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಬಹ್ರೇನಿನ ಅದ್ಲಿಯಾದಲ್ಲಿ ಒಂದು ಸಣ್ಣ ಟ್ರಾವೆಲ್ಸ್ ಆಫೀಸಿನಲ್ಲಿ ನನಗೆ ಕೆಲಸ. ಬೇಸಿಗೆ ರಜೆ ಹತ್ತಿರ ಬಂತೆಂದರೆ ಮೆಡಿಟರೇನಿಯನ್ ಕಡಲತೀರದ ಊರುಗಳನ್ನು ಮಾರುವುದೇ ನಮ್ಮ ದಂಧೆ. ಗುಡ್ಡಕ್ಕೆ ಅಂಟಿಕೊಂಡ ಇಟಲಿಯ ಬಣ್ಣಬಣ್ಣದ ಮನೆಗಳು, ಸುಣ್ಣ ಬಳಿದ ಗ್ರೀಸಿನ ದ್ವೀಪಗಳು, ಟುನೀಸಿಯಾದ ನೀಲಿ ಬಾಗಿಲುಗಳು. ಇವು ಯಾವುದನ್ನೂ ನಾನು ಕಣ್ಣಾರೆ ಕಂಡಿಲ್ಲ. ಉಡುಪಿ, ಮಂಗಳೂರು ಬಿಟ್ಟರೆ ಬಹ್ರೇನ್, ಅಷ್ಟೇ ನನ್ನ ತಿರುಗಾಟ. ಗಿರಾಕಿಗಳಿಗೂ ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೂ ಹೆಸರುವಾಸಿ ಊರಿಗೆ ಹೋದರೆ ಜನರ ಬೆನ್ನು ನೋಡಿ ಬರಬೇಕಾಗುತ್ತದೆ, ಅದರ ಪಕ್ಕದ ಸಣ್ಣ ಊರಿಗೆ ಹೋಗಿ, ಮೀನು ಹಿಡಿಯುವವರು ಇನ್ನೂ ಬಾಳುತ್ತಿರುವ ಕಡೆಗೆ ಹೋಗಿ ಎನ್ನುವುದು ನನ್ನ ಯಾವತ್ತಿನ ಸಲಹೆ. ಕರಾವಳಿಯವಳಿಗೆ ಅಷ್ಟಾದರೂ ಗೊತ್ತಾಗುತ್ತದೆ.

ಇಲ್ಲೇ ಹತ್ತಿರದ ಗುಫೂಲಿನ ಫ್ಲ್ಯಾಟಿನಲ್ಲಿದ್ದ ಹರೀಶ್ ಮತ್ತು ಸವಿತಾ ದಂಪತಿಗೂ ಅದನ್ನೇ ಹೇಳಿದೆ. ಬೆಂಗಳೂರಿನವರು, ಹರೀಶ್‌ಗೆ ಬ್ಯಾಂಕಿನಲ್ಲಿ ಕೆಲಸ, ಧೃತಿ ಎಂಬ ಆರು ವರ್ಷದ ಮಗಳು. ಇಟಲಿಯ ಸಿಸಿಲಿ ದ್ವೀಪದ ಒಂದು ಪುಟ್ಟ ಊರಿಗೆ ಅವರನ್ನು ಕಳಿಸಿದೆ. ಆ ಊರಿನ ಬಗ್ಗೆ ನಾನು ನೋಡಿದ್ದು ಹೋಟೆಲಿನವರು ಕಳಿಸಿದ ಎರಡು ಫೋಟೋ ಮಾತ್ರ. ಒಂದರಲ್ಲಿ ಬೀಚು, ಇನ್ನೊಂದರಲ್ಲಿ ಇಗರ್ಜಿ.

ಇಲ್ಲಿಯ ನಮ್ಮವರಿಗೆ ಒಂದು ಅಭ್ಯಾಸವಿದೆ. ಟಿಕೆಟ್ ಮಾಡಿಕೊಟ್ಟವರೇ ಪ್ರವಾಸ ಮುಗಿಯುವವರೆಗೂ ಎಲ್ಲಕ್ಕೂ ಜವಾಬ್ದಾರರು. ಬ್ಯಾಗು ಬರಲಿಲ್ಲವೆಂದರೂ, ಮೊಸರು ಎಲ್ಲಿ ಸಿಗುತ್ತದೆ ಎಂದು ಕೇಳಲಿಕ್ಕೂ, ಮಗುವಿಗೆ ಜ್ವರ ಬಂದರೂ ಫೋನು ನನಗೇ ಬರುತ್ತದೆ. ಬೇರೆ ದೇಶದವರು ಪೊಲೀಸರನ್ನು ಕರೆಯುವಲ್ಲಿ ನಮ್ಮವರು ಟಿಕೆಟಿನವಳನ್ನು ಕರೆಯುತ್ತಾರೆ.

ಅಂದು ಮಧ್ಯಾಹ್ನ ಶಟರ್ ಅರ್ಧ ಎಳೆದು ಊಟದ ಡಬ್ಬಿ ತೆರೆದಿದ್ದೆ. ಸವಿತಾ ವಿಡಿಯೋ ಕಾಲ್ ಮಾಡಿದರು. ತೆಗೆದರೆ ಅವರ ಮುಖ ಬೆವರಿ ಬಿಳಿಚಿಕೊಂಡಿತ್ತು.

"ಮೇಡಂ, ಧೃತಿ ಕಾಣಿಸ್ತಾ ಇಲ್ಲ! ಐಸ್‌ಕ್ರೀಂ ಅಂಗಡಿ ಮುಂದೆ ಪಕ್ಕದಲ್ಲೇ ಇದ್ಲು, ತಿರುಗಿ ನೋಡೋ ಅಷ್ಟ್ರಲ್ಲಿ ಇಲ್ಲ."

"ಹೆದರ್ಬೇಡಿ ಮಾರಾಯ್ರೇ. ಸರ್ ಎಲ್ಲಿದ್ದಾರೆ?"

"ಬೀಚ್ ಕಡೆ ಓಡಿದ್ರು. ಇಲ್ಲಿ ಯಾರಿಗೂ ಇಂಗ್ಲಿಷ್ ಬರಲ್ಲ. ನೀವೇ ಯಾರಿಗಾದ್ರೂ ಹೇಳಿ, ಪ್ಲೀಸ್!"

ಆಫೀಸಿನ ಇನ್ನೊಂದು ಫೋನಿನಿಂದ ಹೋಟೆಲಿಗೆ ಕರೆ ಮಾಡಿದೆ. ರಿಂಗ್ ಆಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಆ ಊರಿನವರೆಲ್ಲ ಬಾಗಿಲು ಹಾಕಿಕೊಂಡು ಮಲಗುವ ಹೊತ್ತು ಅದು. ಸವಿತಾ ಫೋನನ್ನು ಮುಂದಕ್ಕೆ ಹಿಡಿದುಕೊಂಡು ಓಡುತ್ತಿದ್ದರು. ಹಳದಿ ಗೋಡೆಗಳು, ಮುಚ್ಚಿದ ಕಿಟಕಿಗಳು, ಒಣಹಾಕಿದ ಬಟ್ಟೆಗಳು. ಓಣಿ ಎರಡಾಗಿ ಕವಲೊಡೆಯುವಲ್ಲಿ ನಿಂತರು. "ಯಾವ ಕಡೆ ಹೋಗ್ಲಿ ದೇವ್ರೇ" ಎಂದು ತಮಗೆ ತಾವೇ ಹೇಳಿಕೊಂಡರು.

"ಎಡಗಡೆ" ಎಂದೆ ನಾನು. "ಮೆಟ್ಟಿಲು ಇಳೀಬೇಡಿ. ಕಮಾನಿನ ಕೆಳಗೆ ಹೋಗಿ."

ಪರದೆಯ ಮೇಲೆ ಆಗ ಕಮಾನು ಇರಲಿಲ್ಲ. ಸವಿತಾ ಎಡಕ್ಕೆ ತಿರುಗಿದ ಮೇಲೆ ಕಾಣಿಸಿತು.

ನನ್ನ ಕೈಯಲ್ಲಿದ್ದ ಚಪಾತಿ ಹಾಗೇ ಇತ್ತು. ಆಮೇಲಿನದ್ದನ್ನು ಹೇಗೆ ಹೇಳಲಿ? ಕಣ್ಣಿಗೆ ಏನೂ ಕಾಣಲಿಲ್ಲ, ಕಿವಿಯಲ್ಲಿ ಯಾರೂ ಪಿಸುಗುಟ್ಟಲಿಲ್ಲ. ನಮ್ಮ ಮನೆಯಿಂದ ಬಸ್‌ಸ್ಟ್ಯಾಂಡಿಗೆ ದಾರಿ ಕೇಳಿದರೆ ಹೇಗೆ ಹೇಳುತ್ತೇನೋ ಹಾಗೆ ಬಾಯಿಗೆ ಬರುತ್ತಿತ್ತು. ಕಲ್ಲಿನ ತೊಟ್ಟಿ ಸಿಗುತ್ತದೆ, ಅಲ್ಲಿ ಬಲಕ್ಕೆ. ಇನ್ನೂ ಮುಂದೆ. ಕಬ್ಬಿಣದ ಗೇಟು ಬಿಡಿ, ಅದಲ್ಲ. ಸವಿತಾ ಒಮ್ಮೆಯೂ ಯಾಕೆಂದು ಕೇಳದೆ ಓಡುತ್ತಿದ್ದರು. ನಾನು ಹೇಳುವುದು ತಪ್ಪಾದರೆ? ಒಬ್ಬ ತಾಯಿಯನ್ನು ಅವಳ ಮಗುವಿನಿಂದ ದೂರ ದೂರ ಓಡಿಸುತ್ತಿದ್ದೇನೆಯೇ? ಬಾಯಿ ಮುಚ್ಚಿಕೊಳ್ಳಬೇಕು ಅನ್ನಿಸಿತು, ಆಗಲಿಲ್ಲ.

ಅಷ್ಟರಲ್ಲಿ ಚಿತ್ರ ನಿಂತುಹೋಯಿತು. ಒಂದು ಗೋಡೆಯ ಮೂಲೆ ಪರದೆಯ ಮೇಲೆ ಗಟ್ಟಿಯಾಗಿ ಕೂತಿತು. ಚಪ್ಪಲಿಯ ಸದ್ದು, ಏದುಸಿರು ಮಾತ್ರ ಕೇಳುತ್ತಿತ್ತು.

"ಬಾಗಿಲು ತೆಗೀಲಿಕ್ಕೆ ಬಿಡ್ಬೇಡಿ!" ಎಂದು ಕಿರುಚಿದೆ. "ಓಡಿ, ಬಾಗಿಲು ತೆಗೀಲಿಕ್ಕೆ ಬಿಡ್ಬೇಡಿ!"

ಚಿತ್ರ ಮರಳಿ ಬಂದಾಗ ಓಣಿಯ ಕೊನೆಯಲ್ಲಿ ಮಗು ಬೆನ್ನು ಹಾಕಿ ನಿಂತಿತ್ತು. ಎದುರಿಗೆ ಹಳೆಯ ಮರದ ಬಾಗಿಲು. ಎರಡೂ ಕೈಯಿಂದ ಚಿಲಕ ಎಳೆಯುತ್ತಿತ್ತು. ಸವಿತಾ ಅದನ್ನು ಬಾಚಿ ಎತ್ತಿಕೊಂಡರು, ಫೋನು ಕೆಳಗೆ ಬಿತ್ತು. ಮಾಡುಗಳ ನಡುವಿನ ಆಕಾಶ ಕಾಣಿಸುತ್ತಿತ್ತು, ತಾಯಿ ಮಗಳಿಬ್ಬರೂ ಅಳುವುದು ಕೇಳುತ್ತಿತ್ತು. ನಾನೂ ಅತ್ತೆ.

ಸಂಜೆ ಹರೀಶ್ ಫೋನ್ ಮಾಡಿದರು. ಕುತೂಹಲ ತಡೆಯಲಾರದೆ ಆ ಬಾಗಿಲು ತೆರೆದು ನೋಡಿದ್ದರಂತೆ. "ಒಳಗೆ ರೂಮೇ ಇಲ್ಲ ಮೇಡಂ. ಬಾಗಿಲ ಆಚೆ ಕಾಲಿಡೋಕೆ ಜಾಗ ಇಲ್ಲ. ನೇರ ಕೆಳಗೆ ಬಂಡೆ, ಸಮುದ್ರ" ಎಂದರು.

ಅಂದಿನಿಂದ ನಾನು ಕಾರಣ ಹುಡುಕದ ಜಾಗವಿಲ್ಲ. ಎಲ್ಲೋ ವಿಡಿಯೋ ನೋಡಿ ಮರೆತಿರಬೇಕು ಎಂದುಕೊಂಡೆ. ಆ ಊರಿನ ವಿಡಿಯೋಗಳನ್ನೆಲ್ಲ ಜಾಲಾಡಿದೆ. ಕಂಪ್ಯೂಟರಿನ ನಕ್ಷೆಯಲ್ಲಿ ಬೀದಿ ತೋರಿಸುವ ಫೋಟೋಗಳು ಕಾರು ಹೋಗುವ ರಸ್ತೆಯವರೆಗೆ ಮಾತ್ರ ಇವೆ, ಆ ಓಣಿಗಳ ಒಳಗೆ ಇಲ್ಲ. ಕಾಕತಾಳೀಯ ಎನ್ನೋಣವೆಂದರೆ, ಒಂದು ತಿರುವಿಗೆ ಆ ಮಾತು ಸಾಕು. ಅಷ್ಟೂ ತಿರುವಿಗೆ ಸಾಕೇ?

ಬಹ್ರೇನಿಗೆ ಮರಳಿದ ಮೇಲೆ ಸವಿತಾ ನನ್ನನ್ನು ನೋಡಲು ಬರಲಿಲ್ಲ. ಒಮ್ಮೆ ಅಂಗಡಿಯಲ್ಲಿ ಎದುರಾದಾಗ ಮಗುವನ್ನು ಹತ್ತಿರ ಎಳೆದುಕೊಂಡು, ನಕ್ಕಂತೆ ಮಾಡಿ ಹೊರಟುಹೋದರು. ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಅವರನ್ನು ಹೇಗೆ ದೂರಲಿ? ನನಗೇ ನನ್ನ ಬಗ್ಗೆ ಹೆದರಿಕೆಯಾಗಿತ್ತು.

ಮೊನ್ನೆ ಹರೀಶ್ ಬೆಂಗಳೂರಿನ ಟಿಕೆಟಿಗೆಂದು ಬಂದಿದ್ದರು. ಕೆಲಸ ಮುಗಿದರೂ ಏಳಲಿಲ್ಲ. ಕೊನೆಗೆ ದನಿ ತಗ್ಗಿಸಿ, "ಮೇಡಂ, ತಪ್ಪು ತಿಳ್ಕೋಬೇಡಿ. ನೀವು ಯಾವಾಗ್ಲಾದ್ರೂ ಆ ಊರಲ್ಲಿ ಇದ್ರಾ?" ಎಂದು ಕೇಳಿದರು.

ಇಲ್ಲವೆಂದೆ. ವೀಸಾ ನವೀಕರಣಕ್ಕೆಂದು ತಂದಿಟ್ಟಿದ್ದ ನನ್ನ ಹಳೆಯ, ಹೊಸ ಪಾಸ್‌ಪೋರ್ಟುಗಳನ್ನು ಡ್ರಾವರಿನಿಂದ ತೆಗೆದು ಅವರ ಮುಂದಿಟ್ಟೆ. ಅವರು ಒಂದೊಂದೇ ಪುಟ ತಿರುವಿ ಇಟಲಿಯ ಮುದ್ರೆ ಹುಡುಕಿ, ಸಿಗದೆ ವಾಪಸು ಕೊಟ್ಟು ಹೋದರು.

ಅವರು ಹೋದ ಮೇಲೆ ನಾನೂ ಒಮ್ಮೆ ಎಲ್ಲ ಪುಟಗಳನ್ನೂ ತಿರುವಿ ನೋಡಿದೆ.